ಎಡಗೈ ಸನ್ನೆ

ಮೊಣಕೈವರೆಗೂ ಪ್ಲಾಸ್ಟರು,
ನನ್ನ ಬಲಗೈ ಈಗ ಸುಣ್ಣದ ಬೊಂಬೆ.
ಡ್ಯಾನ್ಯೂಬಿನ ದಂಡೆಯ ಮೆಟ್ಟಿಲ ಮೇಲೆ
ಮಂಜಿಗೆ ಜಾರಿದ್ದಕ್ಕೆ ಆರು ವಾರದ ಶಿಕ್ಷೆ,
ಇನ್ನೂ ಎರಡು ಬಾಕಿ.

ನಾಳೆ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ.
ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ,
ಸರಿ, ಆದರೆ ತಿಕ್ವೆನಿಕ್ ಇಲ್ಲದ ಮೇಜನ್ನು
ರೂಸೆಯ ಈ ಮೂರನೆಯ ಮಹಡಿ ಕಂಡಿಲ್ಲ.
ಆದ್ದರಿಂದ ಲ್ಯುಬೆನ್‌ನ ಸೊಂಟಕ್ಕೆ
ನನ್ನ ಹೂವಿನ ಏಪ್ರನ್ನು.
ಹಿಂದೆ ಗಂಟು ಹಾಕಲು ದಾರ ಸಾಲದು,
ಪಿನ್ನು ಚುಚ್ಚಿಕೊಂಡ.

ಕುಂಬಳಕ್ಕೆ ಉದ್ದ ಕುತ್ತಿಗೆ, ದುಂಡು ಬುಡ.
ಈ ಜಾತಿಗೆ ನಮ್ಮಲ್ಲಿ ಪಿಟೀಲು ಅಂತಲೇ ಹೆಸರು.
ಹೆಸರು ಕೇಳಿದ್ದೇ ತಡ, ಗದ್ದಕ್ಕೆ ಆನಿಸಿ
ಚಾಕು ಆಡಿಸತೊಡಗಿದ.
ಪಿಟೀಲು ಕುಯ್ದದ್ದು ಸಾಕು,
ಕುಂಬಳ ಕುಯ್ಯಿ, ಅಂದೆ.

ಬುಡ ಸವರಿ ನೆಟ್ಟಗೆ ನಿಲ್ಲಿಸು.
ಉರುಳುವುದರ ಮೇಲೆ ಚಾಕು ಇಟ್ಟರೆ
ನಾಳೆ ಇಬ್ಬರಿಗೂ ಪ್ಲಾಸ್ಟರು.
ಕುತ್ತಿಗೆ ಬೇರೆ, ಹೊಟ್ಟೆ ಬೇರೆ.
ಕುತ್ತಿಗೆ ತುಂಬ ಬರೀ ತಿರುಳು, ಅದು ತುರಿಯಲಿಕ್ಕೆ.
ಹೊಟ್ಟೆ ಸೀಳಿದರೆ ಬೀಜ, ನಾರು,
ಒದ್ದೆ ಕೂದಲಿನಂಥ ಅಂಟಂಟು ಜಡೆ.
ಚಮಚ ಹಿಡಿದು ಹೆರೆ. ಇನ್ನೂ. ಇನ್ನೂ.
ಬಾವಿಯ ಒಳಗೋಡೆ ತೊಳೆದಂತೆ.

ತುರಿದ. ಬೆರಳ ಗಿಣ್ಣನ್ನೂ ಚೂರು ತುರಿದುಕೊಂಡ.
ಅಡುಗೆಮನೆ ತುಂಬ ಹಸಿ ಕುಂಬಳದ ವಾಸನೆ:
ಸೌತೆಯದೂ ಅಲ್ಲ, ಕರಬೂಜದ್ದೂ ಅಲ್ಲ,
ಮಳೆಯಲ್ಲಿ ನೆನೆದ ಹಲಗೆಯದು.
ಬಟ್ಟೆಯಲ್ಲಿ ಕಟ್ಟಿ ಹಿಂಡು, ಅಂದೆ.
ಅದೊಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ.
ಒಂದೇ ಹಿಂಡಿಗೆ ಲೋಟ ತುಂಬ ಹಳದಿ ನೀರು.
ನಿಂತಲ್ಲೇ ಕುಡಿದ, ಮುಖ ಕಿವುಚಿದ.

ಬಾಣಲೆ ಕಾದಿದೆ. ತೊಡಕು ಈಗ.
ಸಕ್ಕರೆ ಎಷ್ಟು?
ಸಾಕಾಗುವಷ್ಟು.
ಸಾಕು ಅಂದರೆ ಎಷ್ಟು, ದೆನ್ಕಾ?
ಬಾಯಿ ತೆರೆದೆ. ಬಾಯಿಗೆ ಗೊತ್ತಿಲ್ಲ.
ಮೂವತ್ತೆಂಟು ಚಳಿಗಾಲ ಸುರಿದದ್ದು
ಈ ಬಲಗೈ, ಒಮ್ಮೆಯೂ
ನನ್ನನ್ನು ಕೇಳಿ ಸುರಿದಿಲ್ಲ.
ಅದರ ಲೆಕ್ಕವೆಲ್ಲ ಈಗ ಸುಣ್ಣದೊಳಗೆ.
ಹಿಡಿ ಅನ್ನಲೇ? ಅವನ ಹಿಡಿ ನನ್ನೆರಡು ಹಿಡಿ.
ಗ್ರಾಮಿನಲ್ಲಿ ಹೇಳು, ಅಂದ.
ಗ್ರಾಮು ನಿನ್ನ ಬಂದರಿಗೆ, ಅಂದೆ.
ಜಗಳ. ಕುಂಬಳ ತಳ ಹಿಡಿಯುವಷ್ಟು ಜಗಳ.

ಬಂದರು ಅಂದೆನಲ್ಲ.
ಮೂವತ್ತೊಂದು ವರ್ಷ ಕ್ರೇನಿನ ಗಾಜಿನ ಗೂಡಲ್ಲಿ
ಕೂತವನು ಇವನು. ಆ ಗದ್ದಲದಲ್ಲಿ
ಮಾತು ಯಾರಿಗೆ ಕೇಳಬೇಕು?
ಕೆಳಗೆ ನಿಂತವನ ಕೈ ನೋಡುವುದು,
ಕಬ್ಬಿಣ ಇಳಿಸುವುದು.

ನಾನು ಸ್ಟೂಲಿನಿಂದ ಎದ್ದು
ಒಲೆಯಾಚೆ ಹೋಗಿ ನಿಂತೆ.
ಕಣ್ಣು ಮುಚ್ಚಿ ಎಡಗೈ ಎತ್ತಿದೆ.
ಅಂಗೈ ಕೆಳಗೆ: ಸುರಿ.
ಬೆರಳು ನಡುಗಿಸಿದೆ: ಮೆಲ್ಲಗೆ.
ಬಾಣಲೆಯಲ್ಲಿ ಸಕ್ಕರೆ ಸರಸರ ಬೀಳುವುದು ಕೇಳುತ್ತಿತ್ತು.
ಮುಷ್ಟಿ ಮುಚ್ಚಿದೆ. ಸದ್ದು ನಿಂತಿತು.
ಒಂದು ಹರಳು ಹೆಚ್ಚಿಲ್ಲ.

ಆಮೇಲೆ ನಾವು ಮಾತಾಡಲಿಲ್ಲ.
ದಾಲ್ಚಿನ್ನಿಗೆ ಎರಡು ಬೆರಳು.
ಈರುಳ್ಳಿ ಸಿಪ್ಪೆಯಂಥ ಹಿಟ್ಟಿನ ಹಾಳೆಗೆ
ಎಣ್ಣೆ ಸವರಲು ಮಣಿಕಟ್ಟಿನ ಒಂದು ತಿರುವು.
ತುರಿ ಹರಡು, ಸುತ್ತು, ಸುರುಳಿ ಹಾಕು.
ಹಾವಾಡಿಗನ ಬುಟ್ಟಿಯ ಹಾಗೆ ತಟ್ಟೆ ತುಂಬಿತು.
ಎರಡು ಕಡೆ ಹಾಳೆ ಹರಿದು ಕುಂಬಳ ಇಣುಕಿದೆ,
ಇರಲಿ.

ಅಕ್ರೋಟಿನ ಬಟ್ಟಲು ಅರ್ಧ ಖಾಲಿ.
ಯಾರು ಅಂತ ನಾನಿನ್ನೂ ಕೇಳಿರಲಿಲ್ಲ,
ಅವನು ಹೆಗಲು ಒರೆಸಿಕೊಂಡ.

ಓವನ್ನಿನಲ್ಲಿ ಅದು ಕೆಂಪಾಗುವಾಗ
ಹಳೆಯ ಡ್ಯೂಟಿ ಪುಸ್ತಕ ತೆಗೆದು ಬರೆದ.
ಇಣುಕಿ ನೋಡಿದೆ:
ಕುಂಬಳ, ಎರಡು ಕಿಲೋ ನಾನೂರು.
ಎಣ್ಣೆ, ನೂರೈವತ್ತು.
ಸಕ್ಕರೆ, ದೆನ್ಕಾ ಮುಷ್ಟಿ ಮುಚ್ಚುವವರೆಗೆ.

ಬೀಜಗಳನ್ನು ತೊಳೆದು ಉಪ್ಪು ಸವರಿ
ರೇಡಿಯೇಟರಿನ ಮೇಲೆ, ನಿನ್ನೆಯ ಪೇಪರಿನ ಮೇಲೆ
ಹರಡಿದ್ದಾನೆ, ಅದೂ ಪದಬಂಧದ ಪುಟದ ಮೇಲೆಯೇ.
ಈಗ ಕನ್ನಡಕ ಹಾಕಿಕೊಂಡು
ಒಂದೊಂದೇ ಬೀಜ ಸರಿಸಿ
ಕೆಳಗಿನ ಸುಳಿವು ಓದುತ್ತಿದ್ದಾನೆ.
ಮೇಲಿನಿಂದ ಕೆಳಕ್ಕೆ, ಒಂಬತ್ತು, ಅನ್ನುತ್ತಾನೆ.
ಉಳಿದದ್ದು ಅಂಟಿಕೊಂಡಿದೆ.